ಒಂದೂವರೆ ಗಂಟೆ

ಹಗಲಿನ ವಿಮಾನಕ್ಕೆ ದರ ಹೆಚ್ಚು,
ರಾತ್ರಿಯದಾದರೆ ಮಕ್ಕಳು ಮಲಗಿಬಿಡುತ್ತಾರೆ ಅಂದರು ಇವರು,
ರಜೆ ಸಿಗದೆ ಮಸ್ಕತ್ತಿನಲ್ಲೇ ಉಳಿದವರು,
ನಮ್ಮನ್ನು ಇಳಿಸಿ, ಮನೆಗೆ ಹೋಗಿ ಮಲಗಿದವರು.

ಭಾರ ಜಾಸ್ತಿಯಾಯಿತೆಂದು ತೂಕದವನು ತೆಗೆಸಿದ
ಖರ್ಜೂರದ ಡಬ್ಬಿ, ಒಂದು ಕಂಬಳಿ, ಅತ್ತೆಗೆ ಕೊಂಡ ಚಪ್ಪಲಿ.
ಎಂಟು ತಿಂಗಳ ಓಂಕಾರನಿಗೆ ತೂಕವಿಲ್ಲ, ಸೀಟೂ ಇಲ್ಲ;
ನನ್ನ ಬೆಲ್ಟಿಗೇ ಒಂದು ಮರಿಬೆಲ್ಟು ಪೋಣಿಸಿ
ಗಗನಸಖಿ ನಕ್ಕಳು: ಇನ್ನು ನೀವಿಬ್ಬರೂ ಒಂದೇ.
ಅದು ನನಗೆ ಎಂಟು ತಿಂಗಳಿಂದ ಗೊತ್ತು.

ದೀಪ ಆರಿದ ಮೇಲೆ ಅವನು ಬಾಯಿ ತೆರೆದ.
ಇಷ್ಟು ಜನ ಒಟ್ಟಿಗೆ ಕಣ್ಣು ಮುಚ್ಚಿಕೊಂಡು
ಎಚ್ಚರವಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.
ಹಾಲು ಬೇಡ. ಗಿಲಕಿ ಬೇಡ. ನನ್ನ ಭುಜ ಬೇಡ.
ಮನೆಯಲ್ಲಾದರೆ ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸುತ್ತಿದ್ದೆ;
ಇಲ್ಲಿ ಶೌಚದ ಬಾಗಿಲಲ್ಲಿ ನಿಂತು
ಫ್ಲಶ್ಶಿನ ಗುಡುಗಿಗೆ ಅವನನ್ನು ಪರಿಚಯಿಸಿದೆ.
ಇನ್ನೂ ಜೋರಾಯಿತು.

ಆಗ ಹದಿನೆಂಟನೇ ಸಾಲಿನಿಂದ ಒಬ್ಬರು ವೆಲ್ಡರು,
ಅಂಕೋಲೆಯ ಕಡೆಯವರಂತೆ, ಕೈ ಚಾಚಿದರು.
ಅವರದೂ ಒಂದಿದೆ, ಹೆಚ್ಚುಕಡಿಮೆ ಇದೇ ವಯಸ್ಸು,
ಈವರೆಗೆ ಫೋನಿನಲ್ಲಷ್ಟೇ ಎತ್ತಿಕೊಂಡದ್ದು.
ಕಿಡಿ ಸುಟ್ಟ ಕಲೆಗಳ ಆ ಮೊಣಕೈ ಮೇಲೆ ಇವನು
ಮೂರು ಸಲ ಬಿಕ್ಕಿ, ನಿದ್ದೆಹೋದ.
ಕಾಫಿ ಬಂತು, ಆರಿತು, ಅವರು ಕೈ ಅಲುಗಿಸಲಿಲ್ಲ.
ಅಭ್ಯಾಸ ಮಾಡಿಕೊಳ್ತಾ ಇದ್ದೇನೆ,
ಅಂದರು, ನನ್ನನ್ನು ನೋಡದೆ.

ಐದು ವರ್ಷದ ವೈಜಯಂತಿಗೆ ಬೇರೆ ಚಿಂತೆ.
ಇಳಿಯುವ ಮೊದಲು ನಾನು ಗಡಿಯಾರದ ಮುಳ್ಳು
ತಿರುಗಿಸಿದ್ದನ್ನು ಕಂಡಿದ್ದಳು.
ಆ ಒಂದೂವರೆ ಗಂಟೆ ಎಲ್ಲಿ ಹೋಯ್ತಮ್ಮಾ?
ಬಿದ್ದುಹೋಯ್ತು.
ಎಲ್ಲಿ?
ಕಿಟಕಿಯಾಚೆ ಕಪ್ಪು; ಅದರ ತಳದಲ್ಲಿ ಮೀನುದೋಣಿಗಳ ದೀಪ,
ಗಂಜಿಗೆಂದು ತೊಳೆವಾಗ ಯಾರೋ ಅಕ್ಕಿ ಚೆಲ್ಲಿಕೊಂಡ ಹಾಗೆ.
ಸಮುದ್ರದಲ್ಲಿ, ಅಂದೆ. ನಿದ್ದೆಗೆಟ್ಟ ಬಾಯಿ ಸುಮ್ಮನಿರದು:
ಬಲೆಗೆ ಸಿಕ್ಕರೆ ತಂದುಕೊಟ್ಟಾರು.

ದಾಬೋಳಿಯಲ್ಲಿ ಇಳಿದಾಗ ಐದೂಕಾಲು,
ಅಥವಾ ಮೂರೂಮುಕ್ಕಾಲು.
ಟ್ಯಾಕ್ಸಿಯ ಬಾಗಿಲು ಹಾಕಿದ್ದೇ ಮಕ್ಕಳಿಬ್ಬರೂ
ಮರಳಿನ ಚೀಲಗಳಂತೆ ಬಿದ್ದುಕೊಂಡರು.
ಇಡೀ ಆಕಾಶದ ಕೈಯಲ್ಲಾಗದ ಕೆಲಸ
ಕಾಣಕೋಣದ ತಿರುವುಗಳು ಮಾಡಿ ಮುಗಿಸಿದವು.
ಈಗ ಎಚ್ಚರವಿದ್ದವಳು ನಾನೊಬ್ಬಳೇ.
ಮತ್ತು ಚಾಲಕ, ದೇವರ ದಯೆ.

ಸದಾಶಿವಗಡ ದಾಟಿ ಕಾಳಿಯ ಮೇಲೆ ಬಂದಾಗ ವೈಜು ಎದ್ದಳು.
ಆ ಹಳೇ ಸೇತುವೆ ಯಾಕಮ್ಮಾ ನೀರಲ್ಲಿ ಮಲಗಿದೆ?
ದಣಿದಿತ್ತು, ಅಂದೆ.
ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿತ್ತು.

ಕೋಡಿಬಾಗದ ಮನೆಯ ಮೆಟ್ಟಿಲಲ್ಲಿ
ಅತ್ತೆ ಮೊದಲು ಮಕ್ಕಳನ್ನು ನೋಡಿದರು, ಆಮೇಲೆ ಚೀಲಗಳನ್ನು.
ಅಷ್ಟರಲ್ಲಿ ಬುಟ್ಟಿ ಇಳಿಸಿ ಕೂತಿದ್ದಳು ಸಾತೇರಿ ತಾಂಡೇಲ.
ವೈಜು ಒಂದೊಂದೇ ಬಂಗಡೆ ಎತ್ತಿ ಅಡಿಯಲ್ಲಿ ಹುಡುಕಿದಳು.
ಎಂತ ಬೇಕೇ ಬಾಯೇ ನಿನಗೆ?
ಒಂದೂವರೆ ಗಂಟೆ. ರಾತ್ರಿ ಬಿದ್ದದ್ದು.
ನಿಮ್ಮ ಬಲೆಗೆ ಬಂತಾ?

ಸಾತೇರಿ ನನ್ನ ಕಣ್ಣ ಕೆಳಗಿನ ಕಪ್ಪು ನೋಡಿದಳು,
ಹೆಗಲ ಮೇಲೆ ಒಣಗಿದ ಹಾಲಿನ ಕಲೆ ನೋಡಿದಳು.
ಮೂರು ಹೆತ್ತವಳು, ನಸುಕಿಗೂ ಮುಂಚೆ
ಬೈತಖೋಲದ ಧಕ್ಕೆಯಲ್ಲಿ ದೋಣಿ ಕಾಯುವವಳು.
ಬಂದಿತ್ತು, ಅಂದಳು. ತೀರ ಸಣ್ಣದಿತ್ತು.
ಬೆಳೀಲಿ ಅಂತ ವಾಪಸ್ ಬಿಟ್ಟರು.

ವೈಜು ತಲೆಯಾಡಿಸಿದಳು. ಅದು ನ್ಯಾಯವೆನ್ನಿಸಿತು.
ಇವರ ಫೋನು ಬಂತು: ಮಕ್ಕಳು ಮಲಗಿದ್ದರಾ?
ಫೋನನ್ನು ಓಂಕಾರನ ಬಾಯಿಯ ಹತ್ತಿರ ಹಿಡಿದೆ,
ಆಗಷ್ಟೇ ಎದ್ದು ಹೊಸದಾಗಿ ಶುರುಮಾಡಿದ್ದ.

ಈ ಹೊತ್ತಿಗೆ ಅಂಕೋಲೆಯ ಯಾವುದೋ ಬಾಗಿಲಲ್ಲಿ
ಒಂದು ಕೂಸು, ಗುರುತಿಲ್ಲದ ಮೊಣಕೈ ಕಂಡು
ಚೀರುತ್ತಿರಬಹುದು.
ಚೀರಲಿ. ಅವರಿಗೆ ಅಭ್ಯಾಸವಾಗಿದೆ.